ಸ್ಟೇರಿಂಗ್ ಹಿಡಿದಿದ್ದು ನಾನು

ಕಿರುಗಾವಲು
೧೯ ಜನವರಿ ೨೦೨೫

ರೀ,

ಇದನ್ನು ವನಜಾ ಕೈಲಿ ಕಳಿಸುತ್ತಿದ್ದೇನೆ. ನಾಳೆ ಭಾರತೀನಗರದಲ್ಲಿ ಕಾಲೇಜು ಮುಗಿಸಿಕೊಂಡು ನಿಮ್ಮ ಸ್ಕೂಲಿನ ಗೇಟಿಗೆ ಬಂದು ಕೊಡುತ್ತಾಳೆ. ನನ್ನ ಫೋನು ಇನ್ನೂ ಅವ್ವನ ಬೀರುವಿನೊಳಗೇ ಇದೆ. ಬಾಣಂತಿ ಮೊಬೈಲು ನೋಡಿದರೆ ಕಣ್ಣು ಹೋಗುತ್ತದಂತೆ. ತಂಗಿ ವನಜಾಳ ಫೋನಿನಲ್ಲಿ ಮಾತಾಡೋಣ ಅಂದರೆ, ಜೋರಾಗಿ ಮಾತಾಡಿದರೆ ನಡುಮನೆಯಲ್ಲಿರುವ ಅಪ್ಪನಿಗೆ ಕೇಳುತ್ತದೆ, ಮೆಲ್ಲಗೆ ಮಾತಾಡಿದರೆ ನಿಮಗೆ ಕೇಳುವುದಿಲ್ಲ. ಪಾಪು ಎಷ್ಟು ಹೊತ್ತಿಗೆ ಹಾಲು ಕುಡಿಯಿತು ಅಂತ ಬರೆದಿಡೋಕೆ ಡಾಕ್ಟರು ಹೇಳಿದ್ದಾರಲ್ಲ, ಆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು ಇವು. ಇದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ.

ನಿನ್ನೆ ಅಪ್ಪನಿಗೆ ಹೇಳಿಬಿಟ್ಟೆ. ನೀವು ಬೇಡ ಅಂದಿದ್ದಿರಿ, ಗೊತ್ತು. ಆದರೆ ಎರಡು ತಿಂಗಳಿಂದ ಈ ಮನೆಯಲ್ಲಿ ಕೂತು ನಿಮ್ಮನ್ನು ಬೈಯುವುದನ್ನು ಕೇಳಿಸಿಕೊಳ್ಳುತ್ತಿರುವವಳು ನಾನು. ಬೆಳಿಗ್ಗೆ ಕಾಫಿ ಲೋಟ ಕೈಗೆ ಬಂದ ಕೂಡಲೇ ಶುರು. "ಮೂವತ್ತೊಂದು ವರ್ಸ ಮಳವಳ್ಳಿ ಡಿಪೋದಲ್ಲಿ ಬಸ್ ಓಡ್ಸಿವ್ನಿ, ಒಂದು ಕೋಳಿಮರೀನೂ ಸಾಯ್ಸಿಲ್ಲ. ಈ ಮೇಷ್ಟ್ರು ಏಳು ತಿಂಗ್ಳ ಬಸುರೀನ ಕೂರುಸ್ಕಂಡು ಓಗಿ ಕಬ್ಬಿನ ಟ್ರಾಲಿಗೆ ಗುದ್ತನೆ ಅಂದ್ರೆ ಕಣ್ಣು ಎಲ್ಲಿಟ್ಕಂಡಿದ್ದ?" ಅವ್ವ ಒಲೆಯ ಮುಂದಿನಿಂದ, "ಕಣ್ಣಿದ್ದೋರ್ಗೆ ಕೊಟ್ಟಿದ್ರೆ ತಾನೆ," ಅನ್ನುತ್ತಾರೆ. ನಾನು ಒಳಗೆ ಪಾಪುವಿಗೆ ಹಾಲು ಕೊಡುತ್ತಾ ಕೂತಿರುತ್ತೇನೆ.

ನಿನ್ನೆ ತಡೆಯಲಿಲ್ಲ. ಎದ್ದು ನಡುಮನೆಗೆ ಬಂದು, "ಅಪ್ಪ, ಅವತ್ತು ಕಾರು ಓಡಿಸ್ತಿದ್ದಿದ್ದು ಅವರಲ್ಲ, ನಾನು," ಅಂದೆ. ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಅಂದುಕೊಂಡಿದ್ದೆ. ಅಪ್ಪ ನಕ್ಕರು. "ಕೇಳ್ದಾ ಪಟ್ಟಲಮ್ಮ, ನಿನ್ ಮಗ್ಳ ಮಾತ? ಗಂಡನ್ನ ಉಳಿಸ್ಕಳಕ್ಕೆ ಎಂಗೆ ಕಟ್ತಾವ್ಳೆ ನೋಡು. ಸೈಕಲ್ಲೇ ಬರಾಕಿಲ್ಲ ಇವ್ಳಿಗೆ, ಕಾರು ಓಡ್ಸಿದ್ಲಂತೆ." ಎಲ್ಎಲ್ಆರ್ ಮಾಡಿಸಿದ್ದೆ ಅಂದೆ. "ಆ ಕಾಗ್ದ ಒಂದು ಎಮ್ಮೆ ಓಗಿ ಸಾಲಲ್ಲಿ ನಿಂತ್ರೂ ಕೊಡ್ತರೆ," ಅಂದರು.

ನೀವು ಯಾಕೆ ಹಾಗೆ ಹೇಳಿದಿರಿ ಅಂತ ನನಗೆ ಗೊತ್ತು. ಎಲ್ಎಲ್ಆರ್ ಅವಧಿ ಮುಗಿದಿತ್ತು, ಪೊಲೀಸಿನವರು ಬಂದಿದ್ದರು, ಬಸುರಿ ಹೆಂಗಸು ಸ್ಟೇರಿಂಗ್ ಹಿಡಿದಿದ್ದಳು ಅಂದರೆ ಜನ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಆಂಬುಲೆನ್ಸಿನಲ್ಲಿ ಮಲಗಿದ್ದವಳಿಗೆ, "ನಾನೇ ಓಡಿಸ್ತಿದ್ದೆ ಸಾರ್," ಅಂತ ನೀವು ಅಂದದ್ದು ಕೇಳಿಸಿತು. ಆಗ ನನಗೆ ಹಾಯೆನಿಸಿತು ರೀ. ಅಷ್ಟು ನೋವಿನಲ್ಲೂ ಹಾಯೆನಿಸಿತು. ಈಗ ನಿದ್ದೆ ಬಾರದೆ ಇರುವುದಕ್ಕೆ ಪಾಪು ಕಾರಣ ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ಐದನೇ ತಿಂಗಳಿಗೆ ನಮ್ಮಿಬ್ಬರನ್ನು ನೀವು ಕರೆದುಕೊಂಡು ಹೋಗಬೇಕು. ಅಪ್ಪ ಕಳಿಸುವುದಿಲ್ಲ ಅನ್ನುತ್ತಿದ್ದಾರೆ. "ಅವ್ನ ಕೈಗೆ ಇನ್ನೊಂದ್ ದಪ ಕೊಡಾಕಿಲ್ಲ, ಅವ್ನು ಈ ಬಾಗ್ಲು ತುಳಿಯಂಗಿಲ್ಲ." ಇದು ಬರೀ ಕೋಪದ ಮಾತಾಗಿ ಕೇಳುತ್ತಿಲ್ಲ ನನಗೆ.

ಒಂದು ಕೆಲಸ ಮಾಡಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ಡ್ರೈವಿಂಗ್ ಗೇಮಿನ ಸೀಡಿ ಇದೆ. ರಸ್ತೆಗೆ ಇಳಿಯೋಕೆ ಹೆದರುತ್ತೇನೆ ಅಂತ ಮಂಡ್ಯದ ಹಳೇ ಸಾಮಾನಿನ ಅಂಗಡಿಯಿಂದ ನೀವೇ ತಂದುಕೊಟ್ಟಿದ್ದು. ಸ್ಟೇರಿಂಗು, ಮೂರು ಪೆಡಲು ಎಲ್ಲಾ ಗೋಣಿಚೀಲದಲ್ಲಿವೆ. ಹಳೇ ಕಂಪ್ಯೂಟರು ಸುಟ್ಟುಹೋಯಿತು, ಆದರೆ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸಬಹುದು. ಅಪ್ಪನ ಮುಂದೆ ಕೂತು ಓಡಿಸಿ ತೋರಿಸುತ್ತೇನೆ. ರಿಟೈರ್ ಆದಮೇಲೆ ಅವರು ಕೊಂಡ ವ್ಯಾನನ್ನೇ ಓಡಿಸಿ ತೋರಿಸು ಅನ್ನಬೇಡಿ. ಆಸ್ಪತ್ರೆಗೆ ಬಿಟ್ಟರೆ ಬಾಣಂತಿಯನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ, ಅದಿರಲಿ, ಆ ವ್ಯಾನಿನ ಬಾಗಿಲು ಹಾಕಿದ ಸದ್ದಿಗೇ ನಾನು ಬೆಚ್ಚಿ ಪಾಪುವಿನ ಬಾಯಿಂದ ಹಾಲು ತಪ್ಪುತ್ತದೆ.

ಶಾಲಿನಿ


ಭಾರತೀನಗರ
೨೪ ಜನವರಿ ೨೦೨೫

ಶಾಲು,

ನೀನು ಹೇಳಬಾರದಿತ್ತು. ನಾನು ಒಂದು ಮಾತು ಆಡಿಯಾಗಿದೆ, ಅದರ ಮೇಲೆ ಎಲ್ಲ ನಿಂತಿದೆ. ನಿಮ್ಮಪ್ಪ ಇವತ್ತು ಬೈತಾರೆ, ನಾಳೆ ಸುಮ್ಮನಾಗ್ತಾರೆ. ನನ್ನನ್ನು ಬೈದರೆ ನನ್ನ ಮೈಗೇನೂ ಹತ್ತಲ್ಲ. ನೀನು ಹೊಟ್ಟೆ ತುಂಬ ಉಣ್ಣು, ಪಾಪುವಿನ ತೂಕ ಎಷ್ಟಾಯಿತು ಅಂತ ಬರಿ. ವನಜಾ ಫೋಟೋ ತೋರಿಸಿದಳು. ಕಿವಿ ನಿನ್ನದೇ.

ಆದರೂ ಟ್ರಂಕು ಇಳಿಸಿದೆ. ಸೀಡಿ ಸಿಕ್ಕಿತು. ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆ, ಸೀಡಿ ಹಾಕುವ ಬಾಯಿಯೇ ಇಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನಲ್ಲ ಪ್ರಸನ್ನ, ಅವನ ಹತ್ತಿರ ಹೋದೆ. "ಏನ್ ಮೇಷ್ಟ್ರೇ, ಇದ್ನ ಎಲ್ಲಿ ಅಗೆದು ತೆಗುದ್ರಿ?" ಅಂತ ಸೀಡಿಯನ್ನು ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸಿದ. ಹೊರಗಿನಿಂದ ಸಿಕ್ಕಿಸುವ ಡ್ರೈವು ಒಂದನ್ನು ಕೊಟ್ಟಿದ್ದಾನೆ. ಸಿಕ್ಕಿಸಿದೆ. ಸೀಡಿ ಸುತ್ತಿತು. ಸೆಟಪ್ ಒತ್ತಿದರೆ, ಈ ಪ್ರೋಗ್ರಾಮು ನಿಮ್ಮ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಹತ್ತು ಸಲ ಒತ್ತಿದೆ, ಹತ್ತು ಸಲವೂ ಅದೇ.

ಬಿಸಿಎ ಓದಿದವಳು ನೀನು, ನಾನು ಮಕ್ಕಳಿಗೆ ಕದಂಬರು ಹೊಯ್ಸಳರು ಹೇಳಿಕೊಡೋನು. ಏನು ಮಾಡಬೇಕು ಹೇಳು. ಸಣ್ಣ ಮಕ್ಕಳಿಗೆ ಹೇಳಿದಂತೆ ಹೇಳು.

ನಿನ್ನ
ರಾಜೇಂದ್ರ


ಕಿರುಗಾವಲು
೨೮ ಜನವರಿ ೨೦೨೫

ರೀ,

ಪಾಪು ಎರಡೂಮುಕ್ಕಾಲು ಕೆಜಿ. ಡಾಕ್ಟರು ಪರವಾಗಿಲ್ಲ ಅಂದರು. ಪರವಾಗಿಲ್ಲ ಅಂದರೆ ಒಳ್ಳೆಯದೋ ಸಾಲದೋ ಅಂತ ಕೇಳುವಷ್ಟರಲ್ಲಿ ಮುಂದಿನವರನ್ನು ಕರೆದರು. ಮಲಗಿದಾಗ ಎದೆ ಏಳುತ್ತಾ ಇಳಿಯುತ್ತಾ ಇದೆಯಾ ಅಂತ ನೋಡುತ್ತಾ ಕೂರುತ್ತೇನೆ. ಅವ್ವ, "ಉಸ್ರು ಎಣಿಸ್ಬ್ಯಾಡ ಕಣೇ, ದಿಷ್ಟಿ ಆಯ್ತದೆ," ಅನ್ನುತ್ತಾರೆ. ಎಣಿಸದೆ ಇರೋಕೆ ಆಗುತ್ತಿಲ್ಲ.

ಸೆಟಪ್ ಬಿಡಿ. ಅದು ಆ ಕಾಲದ ಕಂಪ್ಯೂಟರಿಗಾಗಿ ಮಾಡಿದ್ದು, ಹೊಸದು ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಸೀಡಿಯನ್ನು ತೆರೆದರೆ ಒಳಗೆ ಒಂದು ಫೋಲ್ಡರು ಕಾಣುತ್ತದೆ. ಅದನ್ನು ಹಾಗೇ ಎತ್ತಿ ಲ್ಯಾಪ್‌ಟಾಪಿಗೆ ಕಾಪಿ ಮಾಡಿ. ಅದರಲ್ಲಿ ಕೆಂಪು ಕಾರಿನ ಚಿತ್ರವಿರುವ ಫೈಲು ಇರಬೇಕು. ಅದರ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿ. ಪಟ್ಟಿಯ ಕೊನೆಯಲ್ಲಿ ಪ್ರಾಪರ್ಟೀಸ್. ಅದರೊಳಗೆ ಕಂಪ್ಯಾಟಿಬಿಲಿಟಿ. ಅಲ್ಲಿ ಹಳೇ ವಿಂಡೋಸ್ ಹೆಸರುಗಳು ಬರುತ್ತವೆ, ಎಕ್ಸ್‌ಪಿ ಆರಿಸಿ. ಅಂದರೆ ಹೊಸ ಕಂಪ್ಯೂಟರಿಗೆ, ನೀನು ಹಳೆಯದು ಅನ್ನುವ ಹಾಗೆ ನಟಿಸು ಅಂತ ಹೇಳಿದಂತೆ. ಸ್ಟೇರಿಂಗಿನ ವೈರನ್ನು ಮೊದಲೇ ಸಿಕ್ಕಿಸಿರಿ, ಆಮೇಲೆ ಸಿಕ್ಕಿಸಿದರೆ ಗುರುತು ಹಿಡಿಯುವುದಿಲ್ಲ.

ಇದನ್ನೆಲ್ಲ ಕಣ್ಣು ಮುಚ್ಚಿಕೊಂಡು ನೆನಪಿಸಿಕೊಂಡು ಬರೆದೆ. ಎದುರಿಗೆ ಒಂದು ಪರದೆ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಇಲ್ಲಿ ನನ್ನ ಎದುರಿಗಿರುವುದು ಸಾಂಬ್ರಾಣಿ ಹೊಗೆ, ಕಿವಿಯಲ್ಲಿ ಹತ್ತಿ, ತಲೆಗೆ ಕಟ್ಟಿದ ಬಟ್ಟೆ. ಒಂದು ಸಾಲು ತಪ್ಪಿದ್ದರೂ ನೀವು ಅಲ್ಲೇ ನಿಂತುಬಿಡುತ್ತೀರಿ, ನಿಂತಿದ್ದೀರಿ ಅಂತ ನನಗೆ ತಿಳಿಯುವುದು ವಾರಕ್ಕೆ.

ನಿಮ್ಮ ಮೈಗೇನೂ ಹತ್ತಲ್ಲ ಅಂತ ಬರೆದಿದ್ದೀರಿ. ಎರಡೂವರೆ ತಿಂಗಳು ಮಗುವನ್ನು ಫೋಟೋದಲ್ಲಿ ನೋಡುತ್ತಿದ್ದೀರಿ. ಮೊನ್ನೆ ಹೆಸರಿಡುವ ಮಾತು ಬಂತು. ಮಗುವಿನ ಅಪ್ಪ ಇಲ್ಲದೆ ಹೆಂಗೆ ಅಂತ ಚಿಕ್ಕಪ್ಪ ಹೊನ್ನಯ್ಯ ಕೇಳಿದರು. "ಅಪ್ಪನ ಕೆಲ್ಸ ಟ್ರಾಲಿ ತಾವ್ಲೇ ಮಾಡವ್ನಲ್ಲ," ಅಂದರು ನಮ್ಮಪ್ಪ. ಎಲ್ಲರೂ ತಲೆ ತಗ್ಗಿಸಿದರು. ನನ್ನ ನಾಲಿಗೆಯ ಮೇಲೆ ಮಾತು ಬಂದಿತ್ತು. ಇನ್ನೊಂದು ಸಲ ಸುಳ್ಳಿ ಅನ್ನಿಸಿಕೊಳ್ಳುವ ಧೈರ್ಯವಾಗಲಿಲ್ಲ. ಹೆಸರಿಡುವುದನ್ನು ಮುಂದಕ್ಕೆ ಹಾಕಿದ್ದಾರೆ.

ಬೇಗ ಓಡಿಸಿ ರೀ ಅದನ್ನು.

ಶಾಲಿನಿ


ಭಾರತೀನಗರ
೮ ಫೆಬ್ರವರಿ ೨೦೨೫

ಶಾಲು,

ಓಡಿತು! ಆದರೆ ಕೇಳು.

ನೀನು ಬರೆದಂತೆಯೇ ಮಾಡಿದೆ. ಮೊದಲು ಪರದೆ ಕಪ್ಪಾಯಿತು, ಕೆಟ್ಟೇ ಹೋಯಿತು ಅಂದುಕೊಂಡೆ. ಆಮೇಲೆ ಆ ಊರು ಬಂತು, ಹಳದಿ ಗೆರೆಯ ರಸ್ತೆ, ಪೆಟ್ರೋಲ್ ಬಂಕು, ನೀನು ದಿನಾ ಗುದ್ದುತ್ತಿದ್ದ ಆ ಕರೆಂಟು ಕಂಬ. ಸ್ಟೇರಿಂಗಿಗೂ ಜೀವ ಬಂತು. ಒಂದನೇ ಗೇರಿಗೆ ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟೆ.

ಬಿಟ್ಟಿದ್ದೇ ತಡ, ಕಂಬ, ಮರ, ಬಂಕು ಎಲ್ಲ ಸುಯ್ ಅಂತ ಹಿಂದಕ್ಕೆ ಹೋದವು. ಬ್ರೇಕ್ ಒತ್ತುವ ಮೊದಲೇ ಗೋಡೆಗೆ ಬಡಿದಾಗಿತ್ತು. ಮತ್ತೆ ಶುರು ಮಾಡಿದೆ, ಮತ್ತೆ ಗೋಡೆ. ಮುಳ್ಳು ಮಾತ್ರ ಇಪ್ಪತ್ತು ಕಿಲೋಮೀಟರು ತೋರಿಸುತ್ತದೆ. ಎದುರಿಗೆ ಬರುವ ಗಾಡಿಗಳೂ ಹಾಗೇ, ಹುಚ್ಚು ಹಿಡಿದಂತೆ. ಪ್ರಸನ್ನನಿಗೆ ತೋರಿಸಿದರೆ, "ಕಂಪ್ಯೂಟ್ರು ಪವರ್‌ಫುಲ್ ಆಯ್ತು ಸಾರ್. ಆ ಗೇಮು ಮುದ್ಕ, ಇದು ಪಡ್ಡೆ ಉಡುಗ. ಮುದುಕನ್ನ ಕೈ ಇಡ್ಕಂಡು ಎಳ್ಕಂಡ್ ಓಡ್ತಾ ಅದೆ," ಅಂದ. ಸರಿ ಮಾಡಪ್ಪ ಅಂದರೆ, ಇಂಥಾ ಹಳೇದು ನನಗೆ ಗೊತ್ತಿಲ್ಲ ಅಂದ.

ನಾಲ್ಕನೇ ಸಲ ಗೋಡೆಗೆ ಬಡಿದಾಗ ನನ್ನ ಬೆನ್ನು ಬೆವರಿತ್ತು. ಬರೀ ಆಟ ಅಂತ ಗೊತ್ತು. ಆದರೂ ಎದ್ದು ಹೋಗಿ ನೀರು ಕುಡಿದೆ.

ರಾಜೇಂದ್ರ


ಕಿರುಗಾವಲು
೧೩ ಫೆಬ್ರವರಿ ೨೦೨೫

ರೀ,

ನಿಮಗೂ ಹಾಗಾಗುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ನೀವು ಪಕ್ಕದಲ್ಲಿ ಕೂತಿದ್ದಿರಿ. ಟ್ರಾಲಿ ನಿಮಗೂ ಕಂಡಿತ್ತು. ಆಸ್ಪತ್ರೆಯಲ್ಲಿ ಎಲ್ಲರಿಗೂ ಉತ್ತರ ಕೊಟ್ಟುಕೊಂಡು ಓಡಾಡಿದವರು ನೀವು, ನಿಮಗೆ ಏನಾಯಿತು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅದರ ವೇಗ ಇಳಿಸಬೇಕು. ಆ ಗೇಮು ಒಂದು ಸೆಕೆಂಡಿಗೆ ಮೂವತ್ತು ಚಿತ್ರ ಬಿಡಿಸುತ್ತೇನೆ ಅಂದುಕೊಂಡು ರಸ್ತೆಯ ಲೆಕ್ಕ ಹಾಕುತ್ತದೆ. ಹೊಸ ಕಂಪ್ಯೂಟರು ಇನ್ನೂರು ಮುನ್ನೂರು ಬಿಡಿಸುತ್ತದೆ, ಅದಕ್ಕೇ ರಸ್ತೆ ಓಡುತ್ತದೆ. ಅದನ್ನು ಮೂವತ್ತಕ್ಕೆ ಕಟ್ಟಿಹಾಕುವ ಸಣ್ಣ ಪ್ರೋಗ್ರಾಮುಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಯಾವುದು ಅಂತ ನೋಡಿ ಹೇಳೋಕೆ ನನ್ನ ಕೈಲಿ ಏನೂ ಇಲ್ಲ. ನಿನ್ನೆ ಅವ್ವ ಸ್ನಾನಕ್ಕೆ ನೀರು ಕಾಯಿಸಲು ಹಿತ್ತಿಲಿಗೆ ಹೋದಾಗ ಬೀರು ತೆಗೆದೆ. ಫೋನು ಸಿಕ್ಕಿತು, ಚಾರ್ಜರು ಸಿಗಲಿಲ್ಲ. ಸತ್ತ ಫೋನನ್ನು ಕೈಲಿ ಹಿಡಿದುಕೊಂಡು ನಿಂತಿದ್ದೆ. ಅವ್ವ ಬಂದು ನೋಡಿದರು. "ನಾಕು ದಿನ ತಡ್ಕಳಾಕಾಗಲ್ವಾ? ಯಾರ್ ಮಕ ನೋಡ್ಬೇಕಾಗಿತ್ತು ಅದ್ರಲ್ಲಿ?" ಅಂತ ಕಿತ್ತುಕೊಂಡರು. ಅದೂ ಅಳು ತಡೆದುಕೊಂಡೇ ಕಿತ್ತುಕೊಂಡರು. ಅವರಿಗೂ ನನ್ನ ಬಗ್ಗೆ ಹೆದರಿಕೆ ಇದೆ. ನಾನು ನಿದ್ದೆ ಮಾಡುತ್ತಿಲ್ಲ ಅಂತ ಯಾರೋ ಹೇಳಿದ ಕಷಾಯ ಕುಡಿಸುತ್ತಾರೆ.

ಏಪ್ರಿಲ್ ಮಧ್ಯಕ್ಕೆ ಐದು ತಿಂಗಳು ತುಂಬುತ್ತದೆ. ಅಪ್ಪ ಹಿಂದಿನ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ. ಯಾಕಪ್ಪ ಅಂದರೆ, "ನೀನೂ ಮಗೀನೂ ಇರ್ಬೇಕಲ್ಲವ್ವ, ಸೆಕೆ ಕಾಲ ಬೇರೆ," ಅಂದರು. ಎಷ್ಟು ಪ್ರೀತಿಯಿಂದ ಅಂದರು ಗೊತ್ತಾ. ನಮ್ಮನ್ನು ಕಳಿಸುವ ಯೋಚನೆಯೇ ಅವರಿಗಿಲ್ಲ.

ಶಾಲಿನಿ


ಭಾರತೀನಗರ
೪ ಮಾರ್ಚ್ ೨೦೨೫

ಶಾಲು,

ಮೂರು ವಾರ ಬರೆಯಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷೆ ಹತ್ತಿರ ಬಂತು ಅಂತ ಒಂದು ನೆಪ. ನಿಜ ಅಂದರೆ, ಆಗಲಿಲ್ಲ ಅಂತ ಬರೆಯೋಕೆ ಮನಸ್ಸು ಬರಲಿಲ್ಲ. ನೀನು ಹೇಳಿದಂಥ ಪ್ರೋಗ್ರಾಮು ನಾಲ್ಕು ಇಳಿಸಿದೆ. ಒಂದು ಪರದೆಯನ್ನೇ ತಲೆಕೆಳಗು ಮಾಡಿತು. ಒಂದಕ್ಕೆ ವೈರಸ್ ಅಂತ ಪ್ರಸನ್ನ ಬೈದ.

ನಿನ್ನೆ ಸಂಜೆ ತಾನಾಗಿ ಸರಿಹೋಯಿತು. ಐದನೆಯದನ್ನು ಹಾಕಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು, ಹೋದರೆ ಹೋಗಲಿ ಅಂತ ಹಾಗೇ ಶುರು ಮಾಡಿದೆ. ಕಾರು ನಡೆಯಿತು ಶಾಲು! ನಡೆಯಿತು ಅಂದರೆ ನಿಜವಾದ ಕಾರಿನ ಹಾಗೆ. ಒಂದನೇ ಗೇರು, ಎರಡನೇ ಗೇರು. ಬಂಕು ಮೆಲ್ಲಗೆ ಹಿಂದೆ ಹೋಯಿತು. ಸೇತುವೆ ದಾಟಿ ಊರಾಚೆ ತನಕ ಹೋಗಿ ತಿರುಗಿಸಿಕೊಂಡು ಬಂದೆ. ಇವತ್ತು ಕರೆಂಟು ಇಲ್ಲದಾಗ ಮತ್ತೊಮ್ಮೆ ನೋಡಿದೆ, ಹಾಗೇ ಓಡಿತು. ಇನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಕೆಡುತ್ತದೆ.

ಶನಿವಾರ ವನಜಾ ಕೈಲಿ ಎಲ್ಲ ಕಳಿಸುತ್ತೇನೆ. ನಾನು ಬರಬಹುದಿತ್ತು. ನಿಮ್ಮಪ್ಪನ ಬಾಗಿಲು ಬಂದ್ ಆಗಿದೆಯಲ್ಲ.

ರಾಜೇಂದ್ರ


ಕಿರುಗಾವಲು
೧೦ ಮಾರ್ಚ್ ೨೦೨೫

ರೀ,

ಆಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ.

ವನಜಾ ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಮಹದೇವು ಗೋಣಿಚೀಲದಿಂದ ಇಣುಕುತ್ತಿದ್ದ ಸ್ಟೇರಿಂಗ್ ನೋಡಿ, "ಏನವ್ವ ಇದು, ನಿಮ್ಮಪ್ಪ ರಿಟೇರ್ಡ್ ಆಗೋವಾಗ ಡಿಪೋದಿಂದ ಕಿತ್ಕಂಡ್ ಬಂದಿದ್ನಾ?" ಅಂದನಂತೆ. ಬಸ್ಸೆಲ್ಲ ನಕ್ಕಿತಂತೆ. ಅವಳು ಮುಖ ಊದಿಸಿಕೊಂಡು ಬಂದಳು.

ನಿನ್ನೆ ಭಾನುವಾರ, ಊಟವಾದ ಮೇಲೆ ನಡುಮನೆಯ ಮೇಜಿನ ಮೇಲೆ ಎಲ್ಲ ಜೋಡಿಸಿದೆವು. ಅವ್ವ, "ಈ ಒತ್ನಲ್ಲಿ ಇದೆಲ್ಲ ಬೇಕಾ, ಕಣ್ಣು," ಅಂದರು. ಮೂರು ತಿಂಗಳು ಕಳೆದಿದೆ, ಒಂದು ಹತ್ತು ನಿಮಿಷ ಅವ್ವ ಅಂತ ಕೈ ಹಿಡಿದುಕೊಂಡೆ. ಪಾಪುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತರು. ಹೊನ್ನಯ್ಯ ಚಿಕ್ಕಪ್ಪನೂ ಬಂದರು. ಅಪ್ಪನನ್ನು ಕರೆದೆ. "ನಾನ್ಯಾಕೆ, ಇಲ್ಲಿಂದ್ಲೇ ಕಾಣ್ತದೆ ಬುಡು," ಅಂತ ಎದುರಿನ ಗೋಡೆಯ ಹತ್ತಿರ ಮಂಚದ ಮೇಲೆ ಅಡ್ಡಾಗಿ ಮಲಗಿಯೇ ಇದ್ದರು. ಅವರಿದ್ದ ಕಡೆಗೆ ಲ್ಯಾಪ್‌ಟಾಪಿನ ಬೆನ್ನು. ಪರದೆ ಅವರಿಗೆ ಕಾಣುತ್ತಲೇ ಇರಲಿಲ್ಲ. ಬಂದು ನೋಡಲೂ ಇಷ್ಟವಿಲ್ಲ ಅಂದುಕೊಂಡೆ.

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪೆಡಲಿನ ಮೇಲೆ ಕಾಲಿಟ್ಟೆ. ಟ್ರಾಲಿಗೆ ಗುದ್ದಿದ ನವೆಂಬರ್ ಹದಿನಾಲ್ಕರ ಆಮೇಲೆ ಮೊದಲ ಸಲ. ಹೆದರಿಕೆಯಾಗಲಿಲ್ಲ ರೀ. ಅದೇ ಊರು, ಅದೇ ರಸ್ತೆ. ಕ್ಲಚ್ ಒತ್ತಿ, ಗೇರು ಹಾಕಿ, ಮೆಲ್ಲಗೆ ಬಿಟ್ಟೆ.

ಸುಯ್ ಅಂತು. ನೀವು ಬರೆದಿದ್ದಿರಲ್ಲ, ಹಾಗೇ. ಗೋಡೆ. ಮತ್ತೆ ಶುರು ಮಾಡಿದೆ. ಬಂಕು ಮೈಮೇಲೆ ಬಂದಂತೆ ಬಂತು. ಮೂರನೇ ಸಲ ಎದುರಿಗೊಂದು ಲಾರಿ. ಬ್ರೇಕ್ ಒತ್ತಿದ್ದು ನನಗೆ ಗೊತ್ತು, ಒತ್ತುವ ಹೊತ್ತಿಗೆ ಲಾರಿಯೊಳಗೆ ಹೋಗಿದ್ದೆ. ಢಮಾರ್ ಅಂತ ಸದ್ದು, ಗಾಜು ಒಡೆದ ಸದ್ದು. ಪಾಪು ಬೆಚ್ಚಿ ಅಳತೊಡಗಿತು. ಆರು ಸಲ ಮಾಡಿದೆ, ನಿಲ್ಲಿಸೋಕೆ ಆಗಲಿಲ್ಲ. ಇದೊಂದು ಸಲ ಸರಿಯಾಗುತ್ತದೆ, ಇದೊಂದು ಸಲ ಅಂತ. ಕೊನೆಗೆ ವನಜಾ ನನ್ನ ಭುಜ ಹಿಡಿದು, "ಸಾಕು ಅಕ್ಕ," ಅಂದಳು.

"ನೋಡ್ದಾ? ಬರಾಕಿಲ್ಲ ಅಂದ್ರೆ ಬರಾಕಿಲ್ಲ," ಅಂದರು ಅವ್ವ. "ಗಂಡನ್ ಮ್ಯಾಲೆ ಪ್ರೀತಿ ಇರ್ಲಿ ಕಣವ್ವ, ಬ್ಯಾಡ ಅನ್ನಾಕಿಲ್ಲ. ಅದ್ಕೆ ಇಂಗೆಲ್ಲ ಆಟ ಕಟ್ಬಾರ್ದು." ಹೊನ್ನಯ್ಯ ಚಿಕ್ಕಪ್ಪ ಪಾಪ, "ಒಸಿ ಜೋರಾಗೋಯ್ತು ಅಷ್ಟೇಯ," ಅಂದರು. ಅಪ್ಪ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ಯಾಕೆ ಹಾಗಾಯಿತು ಅಂತ ಈಗ ಹೊಳೆಯಿತು. ನಿಮ್ಮ ಐದನೇ ಪ್ರೋಗ್ರಾಮು ಏನೂ ಮಾಡಿರಲಿಲ್ಲ. ಕರೆಂಟು ಹೋಗಿತ್ತು ಅಂತ ಬರೆದಿದ್ದಿರಿ. ಬ್ಯಾಟರಿಯಲ್ಲಿ ಓಡುವಾಗ ಲ್ಯಾಪ್‌ಟಾಪು ಶಕ್ತಿ ಉಳಿಸಲು ತಾನೇ ನಿಧಾನವಾಗುತ್ತದೆ, ಅದಕ್ಕೇ ನಿಮ್ಮ ಕಾರು ಸರಿಯಾಗಿ ನಡೆಯಿತು. ಇಲ್ಲಿ ನಾನು ಬ್ಯಾಟರಿ ಮುಗಿದು ನಡುವೆ ನಿಂತುಹೋದರೆ ಅಂತ ಚಾರ್ಜರು ಸಿಕ್ಕಿಸಿಯೇ ಕೂತೆ. ಆ ವೈರನ್ನು ಕಿತ್ತಿದ್ದರೆ ಸಾಕಿತ್ತು. ಬಿಸಿಎ ಓದಿದವಳು ನಾನು. ಈಗ ಕಿತ್ತು ತೋರಿಸುತ್ತೇನೆ ಬನ್ನಿ ಅಂದರೆ ಯಾರು ಬರುತ್ತಾರೆ?

ಶಾಲಿನಿ


ಭಾರತೀನಗರ
೧೪ ಮಾರ್ಚ್ ೨೦೨೫

ಶಾಲು,

ಬಿಟ್ಟುಬಿಡು. ತಪ್ಪು ನನ್ನದು, ಚಾರ್ಜರು ಹಾಕಿಯೂ ಒಂದು ಸಲ ನೋಡಬೇಕಿತ್ತು.

ಇದೂ ನನ್ನ ತಪ್ಪೇ ಅಂದದ್ದಕ್ಕೆ ಕೋ‍ಪ ಮಾಡಿಕೊಳ್ಳಬೇಡ. ಅಭ್ಯಾಸವಾಗಿದೆ.

ನಿದ್ದೆ ಮಾಡು.

ರಾಜೇಂದ್ರ


ಕಿರುಗಾವಲು
೩೦ ಮಾರ್ಚ್ ೨೦೨೫

ರೀ,

ಅಪ್ಪನಿಗೆ ಗೊತ್ತಾಗಿದೆ.

ಅವತ್ತಿನಿಂದ ಅಪ್ಪ ನಿಮ್ಮನ್ನು ಬೈಯುವುದು ನಿಂತಿತ್ತು. ಕಾಫಿ ಕುಡಿಯುತ್ತಾರೆ, ಎದ್ದು ಹೋಗುತ್ತಾರೆ. ಅವ್ವ ಎಂದಿನಂತೆ ಒಗ್ಗರಣೆ ಹಾಕಿದರೂ, "ಬುಡು ಅತ್ಲಾಗೆ," ಅನ್ನುತ್ತಾರೆ. ನನ್ನ ನಾಟಕ ನೋಡಿ ಬೇಸರವಾಗಿದೆ ಅಂದುಕೊಂಡಿದ್ದೆ. ನಿನ್ನೆ ಅವ್ವ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ, ಪಾಪುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವಳ ಎದುರಿಗೆ ಬಂದು ನೆಲದ ಮೇಲೆ ಕೂತರು.

"ಆ ಡಬ್ಬದೊಳ್ಗೆ ಏನಾಯ್ತಿತ್ತೋ ನಂಗೆ ಕಾಣ್ನಿಲ್ಲ," ಅಂದರು. "ಮೇಜಿನ ಕೆಳ್ಗೆ ನಿನ್ನ ಕಾಲು ಕಾಣ್ತಿತ್ತು."

ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ.

"ಡಿಪೋದಲ್ಲಿ ಹೊಸಾ ಹುಡುಗ್ರಿಗೆ ನಾನೇ ಕಲಿಸ್ತಿದ್ದಿದ್ದು. ಬರ್ದೇ ಇರೋನು ಗುದ್ತದೆ ಅಂದ್ರೆ ಕಾಲ ಮ್ಯಾಕೆ ಎಳ್ಕತನೆ. ನಿನ್ನವು ಎರಡೂ ಒಂದೇ ಏಟ್ಗೆ ಕೆಳಕ್ಕೋದೊ. ಎಡ್ಗಾಲು ಕ್ಲಚ್ಗೆ, ಬಲ್ಗಾಲು ಬ್ರೇಕ್ಗೆ. ಆರು ದಪಾನೂ ಅಂಗೇ. ಅದು ಒಂದಿನದಲ್ಲಿ ಬರೋದಲ್ಲ ಕಣವ್ವ." ಆಮೇಲೆ ಪಾಪುವಿನ ಕಾಲ್ಬೆರಳು ಹಿಡಿದುಕೊಂಡರು. "ಅವತ್ತೂ ಅಂಗೇ ಬ್ರೇಕ್ ಆಕಿರ್ತೀಯ. ಸಂಜೆ ಒತ್ತು, ಇಂದೆ ದೀಪ ಇಲ್ದಿರೋ ಟ್ರಾಲಿ. ನಾನಾಗಿದ್ರೂ ಒಡೀತಿದ್ದೆ."

ರೀ, ಈ ಮಾತನ್ನು ಅವರು ನಾಲ್ಕೂವರೆ ತಿಂಗಳಲ್ಲಿ ನಿಮ್ಮ ಬಗ್ಗೆ ಒಂದು ಸಲವೂ ಅನ್ನಲಿಲ್ಲ. ಆ ಟ್ರಾಲಿಗೆ ದೀಪವಿರಲಿಲ್ಲ ಅನ್ನುವುದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಅಳಿಯನಾದರೆ ಕಣ್ಣಿಲ್ಲ, ಮಗಳಾದರೆ ನಾನಾಗಿದ್ದರೂ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಳ್ಳೋಕೆ ಅಂತಲೇ ಇಷ್ಟೆಲ್ಲ ಮಾಡಿದೆ.

"ಹಂಗಾದ್ರೆ ಅವರನ್ನ ಕರೆಸಿ ಅಪ್ಪ, ಎಲ್ಲರ ಎದುರಿಗೆ ಹೇಳಿ," ಅಂದೆ.

"ಕರ್ಸಾನ. ಅವ್ನು ಬರ್ಲಿ, ನಿಮ್ಮಿಬ್ರುನ್ನೂ ಕರ್ಕಂಡ್ ಓಗ್ಲಿ. ಆದ್ರೆ ಇದ್ನ ನಿಮ್ಮವ್ವಂಗೆ ಏಳ್ಬ್ಯಾಡ. ಊರ್ಗೂ ಬ್ಯಾಡ."

"ಯಾಕೆ?"

"ಬಸುರಿ ಎಂಗ್ಸು ಗಾಡಿ ಓಡ್ಸಿ ಮಗೀನ ಎರಡು ತಿಂಗ್ಳು ಮೊದ್ಲೇ ಎತ್ಲು ಅಂತರೆ. ಆ ಮಗ ದೊಡ್ಡದಾದ್ರೂ ಅದ್ನೇ ಅಂತರೆ. ಗಂಡ್ಸು ಮ್ಯಾಲೆ ಒಂದ್ ಮಾತು ಬಂದ್ರೆ ನಾಕು ದಿನ. ಅವ್ನು ಒತ್ಕಂಡವ್ನೆ. ಒತ್ಕಳ್ಳಿ. ಒಳ್ಳೇ ಉಡುಗ ಅವ್ನು."

ಒಳ್ಳೇ ಹುಡುಗ ಅಂದರು. ಅದನ್ನು ನಿಮಗೆ ಬರೆಯಬೇಕು ಅನ್ನಿಸಿತು, ಅದಕ್ಕೆ ಬರೆದೆ. ಆದರೆ ಹೊತ್ತುಕೊಂಡೇ ಇರಲಿ ಅಂದರು. ನೀವು ಹೇಳಿದ ಸುಳ್ಳನ್ನೇ ಈಗ ಅಪ್ಪನೂ ಹೇಳುತ್ತಾರಂತೆ, ನಾನೂ ಹೇಳಬೇಕಂತೆ. ನಂಬದೇ ಇದ್ದಾಗ ನನಗೆ ಒಂದು ದಾರಿಯಾದರೂ ಇತ್ತು, ನಂಬಿಸಬೇಕು ಅನ್ನುವ ದಾರಿ. ಈಗ ನಂಬಿಯೂ ಬಾಯಿ ಮುಚ್ಚು ಅನ್ನುವವರ ಎದುರು ಏನು ಮಾಡಲಿ?

ಅಪ್ಪ ಎದ್ದು ಹೋಗುವಾಗ ಪಾಪುವಿನ ತಲೆ ಮುಟ್ಟಿ ಹೋದರು. ನನ್ನ ಮುಖ ನೋಡಲಿಲ್ಲ.

ಶಾಲಿನಿ


ಭಾರತೀನಗರ
೩ ಏಪ್ರಿಲ್ ೨೦೨೫

ಶಾಲು,

ನಿಮ್ಮಪ್ಪ ನಿನ್ನೆ ಫೋನು ಮಾಡಿದ್ದರು. "ಹದ್ಮೂರನೇ ತಾರೀಖು ಭಾನ್ವಾರ ಬಾ," ಅಂದರು. ಎರಡು ಸಲ ಕೆಮ್ಮಿದರು. ಇನ್ನೇನೋ ಹೇಳುತ್ತಾರೆ ಅಂತ ಕಾದೆ. "ಬಸ್ಸಲ್ಲಿ ಬಾ," ಅಂತ ಇಟ್ಟುಬಿಟ್ಟರು.

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಮನೆಗೆ ಬಂದುಬಿಡು, ನಾವು ಮೂವರು ಇರೋಣ. ಜನ ಏನಂದರೂ ನನಗೆ ಬೇಕಾಗಿಲ್ಲ. ನಿಮ್ಮವ್ವ ಬಾಗಿಲಲ್ಲಿ ಎರಡು ಮಾತು ಅಂತಾರೆ, ಅಂದುಕೊಳ್ಳಲಿ. ನೀನು ಒಳಗೇ ಇರು, ಹೊರಗೆ ಬರಬೇಡ. ಬಂದರೆ ನಿನಗೆ ತಡೆಯೋಕಾಗಲ್ಲ, ನನಗೆ ಗೊತ್ತು.

ರಾಜೇಂದ್ರ


ಕಿರುಗಾವಲು
೧೦ ಏಪ್ರಿಲ್ ೨೦೨೫

ರೀ,

ಅವ್ವನಿಗೆ ಹೇಳಿದೆ.

ನಿನ್ನೆ ಪಾಪುವಿಗೆ ಎಣ್ಣೆ ಹಚ್ಚುತ್ತಾ, ನೀವು ಬಂದಾಗ ಏನೇನು ಅನ್ನಬೇಕು ಅಂತ ಒಂದೊಂದೇ ಹೇಳಿಕೊಳ್ಳುತ್ತಿದ್ದರು. ಪೂರ್ತಿ ಕೇಳಿಸಿಕೊಂಡೆ. ಆಮೇಲೆ, "ಅಪ್ಪನನ್ನ ಕೇಳವ್ವ, ಯಾರು ಓಡಿಸ್ತಿದ್ದರು ಅಂತ," ಅಂದೆ. ಅಪ್ಪ ಅಲ್ಲೇ ಕನ್ನಡಕ ಒರೆಸುತ್ತಿದ್ದರು. ಅವ್ವ ಅವರ ಕಡೆ ತಿರುಗಿದರು. ಅಪ್ಪ, ಇಲ್ಲ ಅನ್ನಬಹುದಿತ್ತು, ನಗಬಹುದಿತ್ತು. ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

ಅವ್ವ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅಳುತ್ತಾರೆ ಅಂದುಕೊಂಡೆ, ಅಳಲಿಲ್ಲ. "ಕಿರುಗಾವಲಿಂದ ಮಳವಳ್ಳಿಗಂಟ ಎಲ್ರಿಗೂ ಏಳ್ಕಂಡು ಬಂದಿವ್ನಲ್ಲೇ ನಾನು, ನಮ್ಮಳಿಯ ಅಂಥೋನು ಇಂಥೋನು ಅಂತ. ನಲ್ಲಿ ತಾವ ಏಳಿವ್ನಿ, ಸಂಘದಲ್ಲಿ ಏಳಿವ್ನಿ. ಈಗ ಏನಂತ ಏಳ್ಲಿ? ಯಾರ್ ತಾವಂತ ಓಗ್ಲಿ?" ಅಂದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಮಗ ಒದ್ದೆ ಮಾಡ್ಕಂಡದೆ, ಬಟ್ಟೆ ತಾ," ಅಂದರು. ಅಷ್ಟೇ. ಇವತ್ತು ಇಡೀ ದಿನ ಅವರಿಬ್ಬರೂ ನನ್ನ ಜೊತೆ ಮಾತಾಡಿಲ್ಲ. ಊಟ ಬಡಿಸಿದರು, ತಟ್ಟೆಯನ್ನು ನನ್ನ ಕಡೆ ತಳ್ಳಿದರು.

ಹದಿಮೂರಕ್ಕೆ ಬಾಗಿಲಲ್ಲಿ ನಿಮಗೆ ಯಾರು ಏನಂತಾರೋ, ಅನ್ನದೇ ಸುಮ್ಮನೆ ಒಳಗೆ ಹೋಗುತ್ತಾರೋ, ನನಗೆ ಗೊತ್ತಿಲ್ಲ. ಹೊಸದಾಗಿ ಏನಾದರೂ ಸರಿಹೋಗುತ್ತದೆ ಅಂತ ನಿಮಗೆ ಸುಳ್ಳು ಹೇಳುವುದಿಲ್ಲ. ಮರುದಿನ ಅಂಬೇಡ್ಕರ್ ಜಯಂತಿ, ಬಸ್‌ಸ್ಟ್ಯಾಂಡಿನಲ್ಲಿ ನೀಲಿ ಬಾವುಟ ಕಟ್ಟೋಕೆ ಕೇರಿಯವರೆಲ್ಲ ಸೇರಿರುತ್ತಾರೆ. ಅವ್ವ ನಿಮ್ಮ ಬಗ್ಗೆ ಹೇಳಿದ್ದನ್ನು ಕೇಳಿಸಿಕೊಂಡವರೇ ಎಲ್ಲರೂ.

ನೀವು ಒಳಗೇ ಇರು ಅಂದಿದ್ದೀರಿ. ನಾನು ಮನೆಯಲ್ಲಿ ಇರುವುದಿಲ್ಲ. ಹನ್ನೊಂದು ಗಂಟೆಗೆ ಪಾಪುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಬರುತ್ತೇನೆ. ಬಾಣಂತಿ ಯಾಕಮ್ಮ ಬಿಸಿಲಿಗೆ ಬಂದೆ ಅಂತ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಕೇಳಿದವರಿಗೆ ಹೇಳುತ್ತೇನೆ. ನಂಬುತ್ತಾರೋ ಬಿಡುತ್ತಾರೋ. ನೀವು ಇಳಿದ ಮೇಲೆ ನನ್ನನ್ನು ತಡೆಯಬೇಡಿ, ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತುಕೊಳ್ಳಿ.

ಶಾಲಿನಿ